ಡೇರೆಯ ಸಂಸಾರ

ಕುಟುಂಬಸಮೇತರಾಗಿ ಊರ ಹೊರಗೆ ಡೇರೆ ಹೂಡಿ ಒಂದೆರಡು ದಿನ ವಾಸಮಾಡಿ ಬರುವ ಪದ್ಧತಿಯು ಈಚೆಗೆ ನಮ್ಮವರಲ್ಲಿಯೂ ಬೆಳೆಯುತ್ತಿದೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಗೃಹಸ್ಥರು ಡೇರೆಯ ಬೆಲೆಯನ್ನು ವಿಚಾರಿಸುವಷ್ಟು ಆಸ್ಥೆಯಿಂದ ಅದನ್ನು ಹೂಡುವ ನೆಲವನ್ನು ವಿಚಾರಿಸುವುದಿಲ್ಲ; ಅಲ್ಲಿ ಕೆಲಸಮಾಡತಕ್ಕವರು ಯಾರೆಂಬುದನ್ನಂತೂ ಯೋಚಿಸುವುದೇ ಇಲ್ಲ. ಈ ಎರಡು ಸಂಗತಿಗಳನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲು ನೆಲದ ಮಾತು. ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣವು ಸ್ಕಂಧಾವಾರದ, ಎಂದರೆ ಸೇನೆಯ ಪಾಳೆಯದ, ವಿಚಾರದಿಂದಲೇ ಆರಂಭವಾಗುತ್ತದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದಲ್ಲಿ, ಪಾಳೆಯದ ಸ್ಥಳವನ್ನು ನಾಯಕನೊಡನೆ ಬಡಗಿಯೂ ಜೋಯಿಸನೂ ಕೂಡಿ ಅಳೆಯಿಸಬೇಕೆಂದು ವಿಧಿಸಿದೆ. ರಾಜನ ಸೇನೆಗೇ ಇಷ್ಟು ಎಚ್ಚರ ಬೇಕಾದರೆ, ಮಕ್ಕಳೊಂದಿಗರಾದ ನಮಗೆ ಬೇಡವೆ?

ಬತ್ತಿದ ಹಳ್ಳದ ಮರಳು ಮೆತ್ತಗಿದೆಯೆಂದು ಅಲ್ಲಿ ಡೇರೆ ಹೂಡಬಾರದು. ದೂರದ ಬೆಟ್ಟದಲ್ಲಿ ಮಳೆಯಾದರೂ, ಮೇಲಣ ಅಣೆಕಟ್ಟಿನ ಬಾಗಿಲು ತೆರೆದರೂ, ತಲೆಯ ಮೇಲೆ ನಕ್ಷತ್ರಗಳು ಹೊಳೆಯುತ್ತಿರುವಾಗಲೇ ನೀರು ಏರಿಬರುವುದುಂಟು. ಒಣಗಿದ ಕೊಂಬೆಗಳ ಕೆಳಗೂ, ಬಯಲಿನ ಒಂಟಿಮರದ ಬುಡದಲ್ಲಿಯೂ ಬೇಡ. ಕೊಂಬೆ ಗಾಳಿಗೆ ಮುರಿಯುವುದು, ಒಂಟಿಮರಕ್ಕೆ ಸಿಡಿಲಿನ ಭಯವುಂಟು. ತುಸು ಎತ್ತರವಾಗಿ, ನೀರು ನಿಲ್ಲದ ನೆಲವೇ ಯೋಗ್ಯ. ಹೊತ್ತು ಮುಳುಗಲು ಎರಡು ಗಂಟೆ ಇರುವಾಗಲೇ ಅಲ್ಲಿಗೆ ತಲಪಿರಬೇಕು. ಕಾಡಾದರೆ ಅರಣ್ಯ ಇಲಾಖೆಯವರ, ತೋಟವಾದರೆ ಯಜಮಾನನ ಅಪ್ಪಣೆಯನ್ನು ಮೊದಲೇ ಪಡೆಯತಕ್ಕದ್ದು.

ಮಲೆನಾಡಿಗೆ ಹೋಗುವವರಿಗೆ ಇನ್ನೊಂದು ಎಚ್ಚರಿಕೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣ್ಣೆಗಳ ಕಡಿತದಿಂದ ಬರುವಂಥದು. ನಾವು ವಿಹಾರಕ್ಕೆ ಹಿತವೆಂದೆಣಿಸುವ ಚಳಿಗಾಲ ಬೇಸಗೆಗಳೇ ಅದರ ಕಾಲ. ಆದುದರಿಂದ ಆ ಸೀಮೆಯ ಆರೋಗ್ಯಕೇಂದ್ರದಲ್ಲಿ ವಿಚಾರಿಸದೆ ಹೊರಡಬಾರದು. ತರಗೆಲೆಯ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅಲ್ಲಿನ ಅಧಿಕಾರಿಗಳಿಗೆ ತಿಳಿಸಬೇಕು.

ಇನ್ನು ಇರುಳಿನ ಮಾತು. ಚಳಿಯೆಂದು ಕೆಂಡದ ಬುಟ್ಟಿಯನ್ನು ಡೇರೆಯೊಳಗೆ ಎಂದಿಗೂ ತರಕೂಡದು. ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೆಯೇ ಹೋಗುವರು. ಮೈಯ ಶಾಖವನ್ನು ನೆಲವೂ ಎಳೆದುಕೊಳ್ಳುವುದರಿಂದ, ಎರಡು ಕಂಬಳಿಗಳಿದ್ದರೆ ಒಂದನ್ನು ಹಾಸುವುದೇ ಜಾಣತನ. ಬೆಳಗ್ಗೆ ಜೋಡನ್ನು ಕೊಡವಿ ಮೆಟ್ಟಬೇಕು. ಚೇಳಿಗೆ ಅದು ಸುಖವಾದ ಬಿಡಾರ. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಸಲ್ಲದು. ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಯಾವ ಆಸ್ಪತ್ರೆಯೆಂಬುದನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಂಡಿರಬೇಕು.

ಕಡೆಯದಾಗಿ ಕೆಲಸದ ಮಾತು. ಎಷ್ಟೋ ಸಂಸಾರಗಳಲ್ಲಿ ಡೇರೆಯೆಂದರೆ ಗೃಹಿಣಿಯ ಅಡಿಗೆಮನೆಯು ಬಯಲಿಗೆ ಬಂದಂತೆಯೇ. ಗೋಡೆಯಿಲ್ಲ, ನಲ್ಲಿಯಿಲ್ಲ, ದುಡಿಮೆ ಮಾತ್ರ ಇಮ್ಮಡಿ. ಕಳೆದ ಪುಷ್ಯಮಾಸದಲ್ಲಿ ಮಂಡ್ಯದ ಕಡೆ ಸ್ನೇಹಿತರೊಬ್ಬರ ಮಾವಿನ ತೋಪಿಗೆ ಹೊರಟಾಗ ನಾವು ಒಂದು ಕಟ್ಟಳೆ ಮಾಡಿದೆವು. ಹುರಿಹಿಟ್ಟು, ಅವಲಕ್ಕಿ, ಚಟ್ಟಿಣಿಪುಡಿ, ಕೋಡುಬಳೆಗಳು ಮನೆಯಿಂದಲೇ ಬರತಕ್ಕದ್ದು, ಅವನ್ನು ಸಿದ್ಧಪಡಿಸುವುದರಲ್ಲಿ ಎಲ್ಲರ ಕೈಯೂ ಇರತಕ್ಕದ್ದು, ನೀರು ತಂದು ಕುದಿಸಿ ಆರಿಸುವುದು ನಮ್ಮ ಪಾಲು, ಒಲೆ ಮಗನದು, ಪಾತ್ರೆ ಮೊಮ್ಮಕ್ಕಳದು. ಮನೆಯಾಕೆಗೂ ಸೊಸೆಗೂ ಒಪ್ಪೊತ್ತಿನ ಕೆಲಸವೂ ಇಲ್ಲ.

ಮೊದಲ ದಿನ ಉಪ್ಪಿಟ್ಟು ತಳಹಿಡಿಯಿತು. ಯಾರೂ ಬಿಡದೆ ತಿಂದರು. ಎರಡನೆಯ ಬೆಳಗ್ಗೆ ಮನೆಯಾಕೆ ಚಾಪೆಯ ಮೇಲೆ ಕುಳಿತು, ಬಿಸಿಲು ಮರದ ತುದಿಯಿಂದ ಬುಡಕ್ಕಿಳಿಯುವುದನ್ನು ನೋಡುತ್ತಿದ್ದರು. "ಮದುವೆಯಾಗಿ ಬಂದಮೇಲೆ ಬೆಳಗಾಗುವುದನ್ನು ಕುಳಿತು ನೋಡಿದ್ದು ಇದೇ ಮೊದಲು" ಎಂದರು. ಅದರಲ್ಲಿ ದೂರಿನ ಧ್ವನಿಯಿರಲಿಲ್ಲ. ಮೊಮ್ಮಗನು ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ಅಜ್ಜಿಯ ಮುಖವನ್ನೇ ನೋಡಿದನು.

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಹೊರಡುವ ಹಿಂದಿನ ದಿನ ಸಾಮಾನುಗಳ ಪಟ್ಟಿಯ ಪಕ್ಕದಲ್ಲಿ ಕೆಲಸಗಳ ಪಟ್ಟಿಯನ್ನೂ ಬರೆದು, ಪ್ರತಿಯೊಂದರ ಎದುರಿಗೆ ಒಂದು ಹೆಸರನ್ನು ಹಾಕಿರಿ. ಒಂದೇ ಹೆಸರು ಎರಡಕ್ಕಿಂತ ಹೆಚ್ಚು ಸಲ ಬಂದಿದ್ದರೆ, ಪಟ್ಟಿಯನ್ನು ತಿದ್ದಿಯೇ ಹೊರಡಿರಿ.