ಹೊಟ್ಟೆಪಾಡಿಗೆ ಬಿದ್ದ ಬೀಗ

2005ರ ಆಗಸ್ಟ್ 14, ಭಾನುವಾರ ರಾತ್ರಿ. ಮುಂಬೈ ಉಪನಗರದ ಸ್ಟೇಷನ್ ಎದುರಿನ ಒಂದು ಬಾರಿನ ದಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಬನ್ನಿ. ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೂರು ವಾರವೂ ಆಗಿಲ್ಲ. ಗೋಡೆಯ ಬುಡದಲ್ಲಿ ನೆರೆನೀರಿನ ಗೆರೆ ಹಾಗೇ ಇದೆ. ಗಲ್ಲಾದ ಮೇಲೆ ಕೊಲ್ಲೂರು ಮೂಕಾಂಬಿಕೆಯ ಪಟ, ಅದಕ್ಕೆ ಸಣ್ಣ ಕೆಂಪು ಬಲ್ಬು. ಗಲ್ಲಾದಲ್ಲಿ ಕೂತವರು ಕುಂದಾಪುರದ ಕಡೆಯವರು. ಗಿರಾಕಿ ಕೊಟ್ಟ ಐನೂರರ ನೋಟು ಪಡೆದು ಹತ್ತು ರೂಪಾಯಿಯ ಗರಿಗರಿ ನೋಟುಗಳನ್ನು ಎಣಿಸಿ ಕೊಡುತ್ತಿದ್ದಾರೆ. ಆ ನೋಟುಗಳು ಈಗ ಕುಣಿಯುವ ಹುಡುಗಿಯರ ಮೇಲೆ ಒಂದೊಂದಾಗಿ ಉದುರುತ್ತವೆ. ಹಾಡು ಮುಗಿದೊಡನೆ ವೇಟರ್ ಬಗ್ಗಿ ಆರಿಸಿ, ಯಾರದು ಎಷ್ಟೆಂದು ಚೀಟಿಯಲ್ಲಿ ಬರೆಯುತ್ತಾನೆ. ಬಾರಿನ ಪಾಲು ಕಳೆದು ಉಳಿದದ್ದೇ ಅವರ ಸಂಪಾದನೆ. ಸಂಬಳ ಅಂತ ಬೇರೆ ಇಲ್ಲ.

ಹಸಿರು ಲೆಹೆಂಗಾದ ಹುಡುಗಿ ಗಲ್ಲಾದ ಹತ್ತಿರ ಬಂದು ಕೇಳುತ್ತಾಳೆ: "ಅಣ್ಣಾ, ನಾಳೆಯಿಂದ?"

ಅವರು ತಲೆ ಎತ್ತುವುದಿಲ್ಲ. ಪಕ್ಕದ ಊರಿನ ವೇಟರ್ ಕಡೆ ತಿರುಗಿ, "ಎಂತ ಮಾಡುದು ಮಾರಾಯ" ಎನ್ನುತ್ತಾರೆ, ಅಷ್ಟೇ.

ಮಹಾರಾಷ್ಟ್ರ ವಿಧಾನಮಂಡಲ ಜುಲೈನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿದೆ. ಆಳುವವರು, ವಿರೋಧಿಗಳು ಎಲ್ಲರೂ ಒಂದೇ ದನಿಯಲ್ಲಿ ಕೈಯೆತ್ತಿದ್ದಾರೆ. ಡಾನ್ಸ್ ಬಾರುಗಳಿಂದ ಯುವಕರು ಹಾಳಾಗುತ್ತಿದ್ದಾರೆ ಎಂಬುದು ಗೃಹಮಂತ್ರಿ ಆರ್.ಆರ್. ಪಾಟೀಲರ ವಾದ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗಂಡನ ಸಂಬಳ ಈ ನೆಲದ ಮೇಲೆ ಚೆಲ್ಲಿಹೋದದ್ದನ್ನು ಕಂಡ ಹೆಂಡತಿಯರು ಇದೇ ಊರಲ್ಲಿದ್ದಾರೆ. ನಡುರಾತ್ರಿ ಗಲಾಟೆ ಕೇಳಿ ಎದ್ದು ಕೂತ ಚಾಳಿನವರೂ ಇದ್ದಾರೆ. ಆದರೆ ಕಾಯ್ದೆಯ 33-ಎ ಕಲಮು ಬಾರಿನಲ್ಲಿ ಕುಣಿತ ನಿಷೇಧಿಸಿತು, ಮರುಕಲಮು 33-ಬಿ ಮೂರು ತಾರೆಯ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೂ ಜಿಮಖಾನಾಗಳಿಗೂ ವಿನಾಯಿತಿ ಕೊಟ್ಟಿತು. ಅದೇ ಹಾಡಿಗೆ ಅಲ್ಲಿ ಕುಣಿದರೆ ಮನರಂಜನೆ, ಇಲ್ಲಿ ಕುಣಿದರೆ ಅನಾಚಾರ!

ಒಳಗಿನ ಕೋಣೆಯಲ್ಲಿ ಹುಡುಗಿಯರು ಮೇಕಪ್ ಒರೆಸುತ್ತಿದ್ದಾರೆ. ಅವರ ಮಾತು ಕೇಳಿಸಿಕೊಳ್ಳಿ. ಒಬ್ಬಳು ಮೀರಾ ರೋಡಿನ ಬಾಡಿಗೆಯ ಲೆಕ್ಕ ಹಾಕುತ್ತಾಳೆ, ಇನ್ನೊಬ್ಬಳು ತಮ್ಮನ ಕಾಲೇಜು ಫೀಸಿನದ್ದು. ಇಂಥ ಬಾರುಗಳಿಗೆ ಬಂದವರಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳ ಬೇಡಿಯಾ, ನಟ ಸಮುದಾಯದವರು ಬಹಳ. ಅವರಿಗೆ ಕುಣಿತ ಕುಲದ ಕಸುಬು. ಕೆಲಸ ಕಳೆದುಕೊಳ್ಳುವ ಹೆಂಗಸರು 75,000 ಎಂದು ಸಂಘಟನೆಗಳು ಹೇಳಿದವು. ಸರ್ಕಾರ ಅವರ ಮಾನ ಕಾಪಾಡುತ್ತೇನೆ ಎಂದಿತು, ಅವರ ಅನ್ನದ ಮಾತು ಆಡಲಿಲ್ಲ.

ಬೆಳಗಾದರೆ ಸ್ವಾತಂತ್ರ್ಯ ದಿನ. ಬಾರಿಗೆ ಬೀಗ.

ಮುಂಬೈ ಹೈಕೋರ್ಟ್ 2006ರ ಏಪ್ರಿಲ್‌ನಲ್ಲಿ ಈ ನಿಷೇಧವನ್ನು ರದ್ದು ಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು, ಬೀಗ ತೆಗೆಯಲಿಲ್ಲ. ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದದ್ದು 2013ರ ಜುಲೈ 16ರಂದು. ಉಳ್ಳವರು ನೋಡಿದರೆ ಬರಿಯ ಸಂತೋಷ, ಬಡವರು ನೋಡಿದರೆ ಅಧಃಪತನ ಎಂಬ ಊಹೆಯನ್ನು ನ್ಯಾಯಪೀಠ ಒಪ್ಪಲಿಲ್ಲ. ನಿಷೇಧದಿಂದಾಗಿಯೇ ಅನೇಕ ಹೆಂಗಸರು ಬೇರೆ ದಾರಿ ಕಾಣದೆ ವೇಶ್ಯಾವೃತ್ತಿಗೆ ಇಳಿದರೆಂದೂ ದಾಖಲಿಸಿತು. ಶೀಲ ರಕ್ಷಣೆಗೆ ಹೊರಟ ಕಾನೂನಿನ ಫಲ ಇದು.

ಸರ್ಕಾರ ಮಣಿಯಲಿಲ್ಲ. 2014ರಲ್ಲಿ ಮತ್ತೊಂದು ತಿದ್ದುಪಡಿ, 2016ರಲ್ಲಿ ಹೊಸ ಕಾಯ್ದೆ. ಶಾಲೆ, ದೇವಸ್ಥಾನಗಳಿಂದ ಒಂದು ಕಿಲೋಮೀಟರ್ ದೂರ ಇರಬೇಕಂತೆ. ಮುಂಬೈನಲ್ಲಿ ಅಂಥ ಜಾಗ ನೀವೇ ಹುಡುಕಿ! 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಷರತ್ತನ್ನೂ ಒಳಗೆ ಸಿಸಿಟಿವಿ ಕಡ್ಡಾಯ ಎಂಬುದನ್ನೂ ತೆಗೆದುಹಾಕಿತು. ನೋಟು ಎರಚುವುದು ಬೇಡ, ಬಕ್ಷೀಸು ಕೊಡಬಹುದು ಎಂದಿತು. ರಾತ್ರಿ 11.30ಕ್ಕೆ ಮುಚ್ಚಬೇಕೆಂಬ ನಿಯಮ ಉಳಿಯಿತು. 2022ರಲ್ಲಿ ಇನ್ನೊಂದು ತೀರ್ಪು: ಆರ್ಕೆಸ್ಟ್ರಾ ಬಾರಿನ ವೇದಿಕೆಯ ಮೇಲೆ ನಾಲ್ವರು ಗಂಡಸರು, ನಾಲ್ವರು ಹೆಂಗಸರು ಮಾತ್ರ ಎಂಬ ಷರತ್ತು ಹೋಯಿತು, ಎಂಟು ಜನರ ಮಿತಿಯೊಳಗೆ ಯಾರು ಬೇಕಾದರೂ ಹಾಡಬಹುದು.

ನಮ್ಮ ಬೆಂಗಳೂರಿನ ದಾರಿ ಬೇರೆ. ಅಲ್ಲಿ ಬೀಗ ಹಾಕಿದ ಅದೇ 2005ರಲ್ಲಿ ಇಲ್ಲಿನ ಪೊಲೀಸ್ ಕಮಿಷನರ್ ಲೈವ್ ಬ್ಯಾಂಡುಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದರು. ಬಾರಿನವರು ಕೋರ್ಟಿಗೆ ಹೋದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ನಿಯಮ ಹಾಕುವ ಅಧಿಕಾರ ಸರ್ಕಾರಕ್ಕೆ ಇದೆ, ಇರಬೇಕು ಕೂಡ. ಆದರೆ ಮುಚ್ಚುವ ಗಂಟೆ, ಗಿರಾಕಿಯಿಂದ ಅಂತರ ಇವಿಷ್ಟನ್ನೇ ಬರೆದರೆ ಸಾಲದು. ವೇದಿಕೆಯ ಮೇಲೆ ನಿಂತವಳಿಗೆ ತಿಂಗಳ ಸಂಬಳ, ಇ.ಎಸ್.ಐ., ರಾತ್ರಿ ಮನೆಗೆ ಹೋಗಲು ವಾಹನ, ಇವನ್ನೂ ಲೈಸೆನ್ಸಿನ ಷರತ್ತಿನಲ್ಲಿ ಬರೆಯಲಿ.