ಮಧ್ಯದಲ್ಲಿ ಮಂಡ್ಯ

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಮಗಳು ಒಂದು ಲೆಕ್ಕ ಕೇಳಿದಳು. ಎ ಊರಿಂದ ಬಿ ಊರಿಗೆ 100 ಕಿ.ಮೀ., ಬಿ ಇಂದ ಸಿ ಗೆ 45. ಎ ಇಂದ ಸಿ ಎಷ್ಟು ದೂರ? ಕೊಟ್ಟಿರೋ ಮಾಹಿತಿ ಸಾಕಾ?

ಬೆಂಗಳೂರು, ಮಂಡ್ಯ, ಮೈಸೂರು ಅಂದುಕೊಂಡು "145" ಅಂದೆ.

"ಅಯ್ಯೋ ಅಪ್ಪಾ, ಬಿ ಮಧ್ಯದಲ್ಲೇ ಇದೆ ಅಂತ ಎಲ್ಲಿ ಹೇಳಿದ್ದಾರೆ? 55ರಿಂದ 145ರ ತನಕ ಎಷ್ಟಾದ್ರೂ ಇರಬಹುದು. ಮಾಹಿತಿ ಸಾಲದು."

ನಿಜ. ನಾನು ಬೆಂಗಳೂರಲ್ಲಿ, ಅಣ್ಣ ಮೈಸೂರಲ್ಲಿ. ಮಂಡ್ಯದಲ್ಲಿ ಅಮ್ಮ ಇದ್ದಳು. ಅವನ ಸುದ್ದಿ ನನಗೆ, ನನ್ನ ಸುದ್ದಿ ಅವನಿಗೆ ಅವಳಿಂದಲೇ. ಅವಳು ತೀರಿಕೊಂಡು ಎರಡು ವರ್ಷ. ಈಗ ಅಣ್ಣ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ ಹೇಳಲಾರೆ.

ರಾತ್ರಿ ಫೋನ್ ಮಾಡಿದೆ.

"ಏನೋ, ಏನಾಯ್ತು?" ಗಾಬರಿಯಾಗಿದ್ದ.

"ಏನಿಲ್ಲ, ಸುಮ್ನೆ ಕಣಣ್ಣ."