ಬಾಗಲೂರು ರಸ್ತೆಯ ಪುಟ್ಟ ಗಾಲಿಗಳು

ಭಾನುವಾರ ಬೆಳಗಿನ ಆರು ಗಂಟೆಗೆ ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ನಿಂತವರಿಗೆ ಈ ನೋಟ ಹೊಸತಲ್ಲ. ಕೆರೆಯ ಮೇಲಿನ ಮಂಜು ಇನ್ನೂ ಕರಗಿರುವುದಿಲ್ಲ, ಅಷ್ಟರಲ್ಲೇ ಬಳ್ಳಾರಿ ರಸ್ತೆಯಲ್ಲಿ ಕಿವಿ ಗಡಚಿಕ್ಕುವ ಸದ್ದು. ಮೀಸೆ ಚಿಗುರದ ಹುಡುಗರು ಬೈಕಿನ ಮುಂದಿನ ಗಾಲಿ ಎತ್ತಿಕೊಂಡು ಯಲಹಂಕದತ್ತ ಹಾರಿಹೋಗುತ್ತಾರೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು, 2014ರಲ್ಲಿ ಹೆಬ್ಬಾಳದಾಚೆಯ ಎತ್ತರದ ರಸ್ತೆಯೂ ತೆರೆಯಿತು. ಅಗಲ ರಸ್ತೆ ಬಂತು, ಜೊತೆಗೆ ವೇಗದ ಚಟವೂ ಬಂತು.

ಆ ದಿನ ನನ್ನ ಜೊತೆಗಿದ್ದವರು ಆರ್.ಟಿ. ನಗರದ ನಮ್ಮ ಪಕ್ಕದ ಮನೆಯವರು. ಯಶವಂತಪುರದ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹಿಂದಿನ ಸೀಟಿನಲ್ಲಿ ಎಂಟನೇ ತರಗತಿಯ ಮಗ. ಕಂಪ್ಯೂಟರ್ ಆಟದಲ್ಲಿ ಅಮೆರಿಕದ ಸ್ಟಾಕ್ ಕಾರುಗಳನ್ನು ಓಡಿಸಿ ಓಡಿಸಿ, ‘ನಾನು ರೇಸ್ ಡ್ರೈವರೇ ಆಗೋದು’ ಎಂದು ಹಟ ಹಿಡಿದಿದ್ದಾನೆ. ಅಪ್ಪನಿಗೆ ಚಿಂತೆ. ‘ಸಾರ್, ಇದೂ ಒಂದು ಕಸುಬೇ? ಊಟಕ್ಕಾಗತ್ತಾ?’ ಎಂದು ದಾರಿಯುದ್ದಕ್ಕೂ ಕೇಳಿದರು. ಮುಂದೆ ಗಾಲಿ ಎತ್ತಿದ ಬೈಕೊಂದು ಕಂಡಿತು. ‘ಇವನೂ ಹೀಗೇ ಆದರೆ?’ ಎಂದರು.

ಆ ಭಯ ಸುಳ್ಳಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ಮಗ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಹೇಳಿದ ಮೇಲೆ ಹಿಂದಿನ ಸೀಟು ಸ್ವಲ್ಪ ಹೊತ್ತು ಮೌನವಾಗಿತ್ತು.

ನಾಗವಾರ ದಾಟಿ, ಹೆಣ್ಣೂರು ಕ್ರಾಸಿನಲ್ಲಿ ಎಡಕ್ಕೆ ತಿರುಗಿ, ಕೊತ್ತನೂರು ಹಿಂದೆ ಬಿಟ್ಟು ಬಾಗಲೂರು ರಸ್ತೆ ಹಿಡಿದೆವು. ಅಪಾರ್ಟ್‌ಮೆಂಟುಗಳ ನಡುವೆ ಅಲ್ಲೊಂದು ಇಲ್ಲೊಂದು ತೋಟ ಇನ್ನೂ ಉಸಿರು ಹಿಡಿದುಕೊಂಡಿದೆ. ಈ ರಸ್ತೆಯಲ್ಲೇ ಇದೆ ಮೆಕೊ ಕಾರ್ಟೋಪಿಯಾ. ದೇಶದ ಕಾರ್ಟಿಂಗ್ ಚಾಂಪಿಯನ್‌ಶಿಪ್ಪಿನ ಸುತ್ತುಗಳು ನಡೆದಿರುವ ಟ್ರ್ಯಾಕ್. ನೋಡಿದರೆ ಹಾವು ಮಲಗಿದಂತೆ ಸುತ್ತಿಕೊಂಡ ಡಾಂಬರು ದಾರಿ, ತಿರುವಿಗೊಂದು ಟೈರುಗಳ ಗೋಡೆ, ಅಷ್ಟೆ.

ಕಾರ್ಟ್ ಎಂದರೆ ಆಟಿಕೆ ಎಂದುಕೊಂಡಿದ್ದ ನನ್ನ ಅಜ್ಞಾನ ಅಲ್ಲಿ ಕಳೆಯಿತು. ಅದಕ್ಕೆ ಸಸ್ಪೆನ್ಷನ್ ಇಲ್ಲ. ಕೂತವನ ಬೆನ್ನಿಗೂ ನೆಲಕ್ಕೂ ನಡುವೆ ಕೆಲವೇ ಅಂಗುಲ. ರಸ್ತೆಯ ಪ್ರತಿ ಕಲ್ಲೂ ಪಕ್ಕೆಲುಬಿಗೆ ತಿಳಿಯುತ್ತದೆ, ಅದಕ್ಕೇ ಸ್ಪರ್ಧೆಯ ಮಕ್ಕಳು ಎದೆಗೆ ಗಟ್ಟಿ ಕವಚ ಕಟ್ಟಿಕೊಳ್ಳುತ್ತಾರೆ. ಸ್ಪರ್ಧೆಯ ಕಾರ್ಟಿಗೆ ಸಾಮಾನ್ಯವಾಗಿ 125 ಸಿ.ಸಿ. ಎಂಜಿನ್. ನಮ್ಮ ಹುಡುಗನಿಗೆ ಸಿಕ್ಕಿದ್ದು ಬಾಡಿಗೆಯ ಸಾಧು ಕಾರ್ಟ್. ಆದರೂ ಎರಡನೇ ಸುತ್ತಿನಲ್ಲೇ ಗಿರಕಿ ಹೊಡೆದು ಟೈರುಗಳಿಗೆ ಒರಗಿ ನಿಂತ. ಹಳದಿ ಬಾವುಟ ಬೀಸಿತು. ಹಳದಿ ಎಂದರೆ ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಅಪ್ಪ ಎದ್ದು ನಿಂತವರು, ಮಗ ಕೈ ಎತ್ತಿದ ಮೇಲೆ ಕೂತರು.

ನೋಡುತ್ತ ನೋಡುತ್ತ ಒಂದು ಸಂಗತಿ ಹೊಳೆಯಿತು. ಇಲ್ಲಿ ಮೊದಲು ಕಲಿಯುವುದು ಬ್ರೇಕನ್ನು. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು. ಬಳ್ಳಾರಿ ರಸ್ತೆಯ ಹುಡುಗರಿಗೆ ಗೊತ್ತಿಲ್ಲದಿರುವುದು ಇದೊಂದೇ ವಿದ್ಯೆ.

ಹುಡುಗನ ಮನಸ್ಸಿನಲ್ಲಿದ್ದ ಸ್ಟಾಕ್ ಕಾರಿನ ಕಥೆಯೂ ಸ್ವಾರಸ್ಯದ್ದು. ‘ಸ್ಟಾಕ್’ ಎಂದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರು ಎಂದೇ ಅರ್ಥ. ಅಮೆರಿಕದ ದಕ್ಷಿಣದಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರಿಂದ ತಪ್ಪಿಸಿಕೊಳ್ಳಲು ಹೊರಗೆ ಸಾಧಾರಣವಾಗಿ ಕಾಣುವ ಕಾರುಗಳಿಗೆ ಒಳಗೆ ಬಲ ತುಂಬುತ್ತಿದ್ದರು. ಮುಂದೆ ಅವರಲ್ಲಿ ಕೆಲವರು ಸ್ಪರ್ಧೆಗೂ ಇಳಿದರು. 1948ರಲ್ಲಿ ನಾಸ್ಕಾರ್ ಸಂಸ್ಥೆ ಹುಟ್ಟಿತು, 1959ರಲ್ಲಿ ಡೇಟೋನಾದ ದೊಡ್ಡ ಟ್ರ್ಯಾಕ್ ತೆರೆಯಿತು. ಈಗ ಅಂಗಡಿಯ ಕಾರಿಗೂ ಅದಕ್ಕೂ ಉಳಿದಿರುವುದು ಮುಖದ ಹೋಲಿಕೆ ಮಾತ್ರ. ಒಳಗೆಲ್ಲ ಉಕ್ಕಿನ ಕೊಳವೆಗಳ ಪಂಜರ.

ಅಲ್ಲಿಗೂ ನಮ್ಮವರೊಬ್ಬರು ಹೋಗಿಬಂದಿದ್ದಾರೆ. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ನಾಸ್ಕಾರಿನ ಟ್ರಕ್ ಸರಣಿಗೆ ಇಳಿದರು. ಮೊದಲ ಓಟ ಮಾರ್ಟಿನ್ಸ್‌ವಿಲ್‌ನಲ್ಲಿ. ಒಂದು ಸುತ್ತಿಗೆ ಒಂದು ಕಿಲೋಮೀಟರೂ ಇಲ್ಲದ ಪುಟ್ಟ ಟ್ರ್ಯಾಕಿನಲ್ಲಿ ಎಡಕ್ಕೆ, ಮತ್ತೆ ಎಡಕ್ಕೆ, ಸುಮ್ಮನೆ ಎಡಕ್ಕೆ. ಹದಿಮೂರನೆಯವರಾಗಿ ಮುಗಿಸಿದರು. ಆ ವರ್ಷ ಅಭಿಮಾನಿಗಳ ಮತದಿಂದ ಆ ಸರಣಿಯ ಅತಿ ಜನಪ್ರಿಯ ಚಾಲಕ ಎಂಬ ಪ್ರಶಸ್ತಿಯೂ ಬಂತು. ಮರುವರ್ಷ ಮತ್ತೆ ಫಾರ್ಮುಲಾ ಒನ್‌ಗೆ ಮರಳಿದರು.

ಬೆಂಗಳೂರಿನ ಉದಾಹರಣೆ ಬೇಕೆಂದರೆ ಅರ್ಜುನ್ ಮೈನಿ ಇದ್ದಾರೆ. 1997ರಲ್ಲಿ ಇಲ್ಲೇ ಹುಟ್ಟಿ, ಕಾರ್ಟಿನಲ್ಲೇ ಶುರುಮಾಡಿ, 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದರು. 2018ರಲ್ಲಿ ಫಾರ್ಮುಲಾ ಟೂ ಓಡಿಸಿದರು. ಆಮೇಲೆ ದಾರಿ ಬದಲಿಸಿ ಮುಚ್ಚಿದ ಚಾವಣಿಯ ಕಾರುಗಳಿಗೆ ಬಂದರು. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಓಡಿಸಿದ ಮೊದಲ ಭಾರತೀಯರಾದರು. ಆ ದಾರಿ ಬದಲಿಕೆ ಸೋಲಲ್ಲ ಎಂದೇ ನನ್ನ ಅಭಿಪ್ರಾಯ. ಫಾರ್ಮುಲಾ ಒನ್‌ನಲ್ಲಿ ಜಗತ್ತಿಗೆಲ್ಲ ಇರುವುದು ಎರಡು ಡಜನ್‌ಗೂ ಕಡಿಮೆ ಕುರ್ಚಿ. ಕಾರು ಕಂಪನಿಗಳು ಸಂಬಳ ಕೊಟ್ಟು ಚಾಲಕರನ್ನು ಇಟ್ಟುಕೊಳ್ಳುವುದು ಹೆಚ್ಚಾಗಿ ಚಾವಣಿಯ ಕಾರುಗಳಲ್ಲಿ. ತಮ್ಮ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ ಗೆದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಮಂಡಿಯ ಲೆಕ್ಕದವರಿಗೆ ಮೋಸ ಮಾಡಿದಂತೆ. ಮೈನಿಯವರದು ಉದ್ಯಮಿಗಳ ಮನೆತನ. ‘ರೇವಾ’ ಎಲೆಕ್ಟ್ರಿಕ್ ಕಾರು ತಂದ ಚೇತನ್ ಮೈನಿ ಇದೇ ಕುಟುಂಬದವರು. ಸ್ಪರ್ಧೆಗೆ ಇಳಿದರೆ ಟೈರು, ಪೆಟ್ರೋಲು, ಮೆಕ್ಯಾನಿಕ್, ಪ್ರಯಾಣ, ಎಲ್ಲಕ್ಕೂ ಜೇಬು ಮನೆಯದೇ. ಪ್ರಾಯೋಜಕರು ಬರುವುದು ಗೆದ್ದ ಮೇಲೆ. ಬೆಂಗಳೂರಿನಲ್ಲಿ ಪೂರ್ಣ ಪ್ರಮಾಣದ ಕಾರ್ ರೇಸ್ ಟ್ರ್ಯಾಕೇ ಇಲ್ಲ, ದೊಡ್ಡ ಕಾರಿಗೆ ಏರಬೇಕಾದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಹೋಗಬೇಕು. ಪ್ರಾಣದ ಮಾತನ್ನೂ ಮುಚ್ಚಿಡಬಾರದು. 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕಿನ ಬೈಕ್ ರೇಸಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಬಿದ್ದು ತೀರಿಕೊಂಡ. ಹೆಲ್ಮೆಟ್, ನಿಯಮ, ಆಂಬುಲೆನ್ಸ್ ಎಲ್ಲ ಇರುವ ಕಡೆಯಲ್ಲೇ.

ನಾನು ಇದನ್ನು ಹೇಳುವಾಗ ಅಪ್ಪ ಟ್ರ್ಯಾಕಿನಿಂದ ಕಣ್ಣು ತೆಗೆಯಲಿಲ್ಲ.

ಹುಡುಗ ಇಳಿದು ಬಂದ. ಮೊಣಕೈ ನಡುಗುತ್ತಿತ್ತು, ಮುಖ ಕೆಂಪಾಗಿತ್ತು. ಕೈಯಲ್ಲಿ ಪ್ರತಿ ಸುತ್ತಿನ ಸಮಯ ಅಚ್ಚಾದ ಚೀಟಿ. ‘ಅಂಕಲ್, ನೋಡಿ, ಕೊನೇ ಸುತ್ತು ಮೊದಲಿನದಕ್ಕಿಂತ ಬೇಗ. ಬ್ರೇಕು ಲೇಟಾಗಿ ಹಿಡೀಲಿಲ್ಲ, ಬೇಗ ಹಿಡಿದೆ. ಅದಕ್ಕೇ!’ ಎಂದ.

ಅಪ್ಪ ಚೀಟಿ ಇಸಕೊಂಡು, ಮಂಡಿಯ ಲೆಕ್ಕ ನೋಡುವ ಹಾಗೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಮಡಚಿ ಜೇಬಿಗಿಟ್ಟುಕೊಂಡರು. ಕಾರು ಹೆಣ್ಣೂರು ದಾಟುವವರೆಗೆ ಮಾತಿಲ್ಲ.

‘ಲೆಕ್ಕದ ಟ್ಯೂಷನ್ ಶನಿವಾರ ಎಷ್ಟು ಹೊತ್ತಿಗೆ ಮುಗಿಯತ್ತೋ?’ ಎಂದು ಕೇಳಿದರು, ಹಿಂದಕ್ಕೆ ತಿರುಗದೆ.